ಬೀರು ಖಾಲಿ ಮಾಡುವ ಮೊದಲು: ಸಂಶೋಧನೆಯ ಯಾವ ಡೇಟಾ ಇಡಬೇಕು, ಯಾವುದನ್ನು ಬಿಡಬಹುದು

ನಿವೃತ್ತರಾಗುತ್ತಿದ್ದ ಪ್ರೊಫೆಸರ್ ಒಬ್ಬರ ಲ್ಯಾಬ್ ಖಾಲಿ ಮಾಡಿಕೊಡಲು ನಮಗೆ ಮೂರು ವಾರ ಸಿಕ್ಕಿತ್ತು. ರೂಮಿನ ಮೂಲೆಯಲ್ಲಿ ಒಂದು ಸ್ಟೀಲ್ ಬೀರು. ತೆಗೆದರೆ ಒಳಗೆ 23 ಹಾರ್ಡ್ ಡಿಸ್ಕ್, ಶೂ ಡಬ್ಬಿ ತುಂಬ ಡಿವಿಡಿ, ಹನ್ನೊಂದು ಫೀಲ್ಡ್ ನೋಟ್‌ಬುಕ್. ನೋಟ್‌ಬುಕ್‌ಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಕರಗಿ ರಟ್ಟಿಗೆ ಅಂಟಿಕೊಂಡಿತ್ತು. ಡಿಸ್ಕ್‌ಗಳ ಮೇಲೆ ಚೀಟಿಗಳು: ‘ನ್ಯೂ ಡೇಟಾ’, ‘ನ್ಯೂ ಡೇಟಾ 2’, ‘ಬ್ಯಾಕಪ್’, ‘ಬ್ಯಾಕಪ್‌ನ ಬ್ಯಾಕಪ್’. ಒಂದರ ಮೇಲೆ ಕೆಂಪು ಪೆನ್ನಿನಲ್ಲಿ ‘ಡಿಲೀಟ್ ಮಾಡಬೇಡಿ’ ಅಂತ ಇತ್ತು. ಯಾಕೆ ಮಾಡಬಾರದು ಅಂತ ಇರಲಿಲ್ಲ.

ಮೊದಲ ದಿನವೇ ಎರಡು ಪಕ್ಷ ಆಯಿತು. ‘ಎಲ್ಲಾ ಇರಲಿ, ಮುಂದೆ ಬೇಕಾದೀತು’ ಅನ್ನುವವರು ಒಂದು ಕಡೆ. ‘ಪೇಪರ್ ಪ್ರಕಟ ಆಗಿದೆಯಲ್ಲ, ಇನ್ಯಾಕೆ’ ಅನ್ನುವವರು ಇನ್ನೊಂದು ಕಡೆ. ಡಿಸ್ಕ್‌ಗಳ ಬಗ್ಗೆ ಜೋರು ವಾದ ನಡೆಯಿತು. ನೋಟ್‌ಬುಕ್‌ಗಳನ್ನು ಮಾತ್ರ ಎರಡೂ ಪಕ್ಷದವರು ಒಮ್ಮತದಿಂದ ರದ್ದಿಗೆ ಎತ್ತಿಟ್ಟಿದ್ದರು.

ಅವು ಉಳಿದದ್ದು ಒಂದು ಸೊನ್ನೆಯಿಂದ. ಹನ್ನೊಂದು ವರ್ಷದ ಮಣ್ಣಿನ ತೇವಾಂಶದ ಎಕ್ಸೆಲ್ ಶೀಟ್ ನೋಡುತ್ತಿದ್ದೆ. ಒಂದು ವರ್ಷದ ಜುಲೈನಲ್ಲಿ ಹತ್ತೊಂಬತ್ತು ದಿನ ತೇವಾಂಶ ಸೊನ್ನೆ. ಮಲೆನಾಡಿನ ಅಂಚಿನ ತೋಟ, ಜುಲೈ ತಿಂಗಳು, ಸೊನ್ನೆ! ಆ ವರ್ಷದ ನೋಟ್‌ಬುಕ್ ರದ್ದಿಯಿಂದ ಎತ್ತಿ ತಂದು ನೋಡಿದರೆ ಫೀಲ್ಡ್ ಅಸಿಸ್ಟೆಂಟ್ ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ವೈರು ಇಲಿ ಕಡಿದಿದೆ. 0 ಬರ್ತಿದೆ. ನಂಬಬೇಡಿ.’

ಈ ಮೂರು ವಾಕ್ಯ ಇಲ್ಲದಿದ್ದರೆ ಆ ಶೀಟ್ ಇದ್ದೂ ಕೆಲಸಕ್ಕೆ ಬಾರದು. ಇಲ್ಲದಿದ್ದರೇ ವಾಸಿ ಅನ್ನಬೇಕು, ಯಾಕೆಂದರೆ ಅದನ್ನು ಯಾರಾದರೂ ನಂಬಿಬಿಡುತ್ತಿದ್ದರು. ಅಲ್ಲಿಂದ ಈಚೆಗೆ ಡೇಟಾ ಇಡುವ ಬಿಡುವ ಮಾತು ಬಂದಾಗ ನಾನು ಜಿಬಿ, ಟಿಬಿ ಲೆಕ್ಕ ಮೊದಲು ಕೇಳುವುದಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ. ಇದು ಮತ್ತೆ ಸಿಗುತ್ತಾ? ಬೇರೆ ಎಲ್ಲಾದರೂ ಇದೆಯಾ? ನಾವ್ಯಾರೂ ಇಲ್ಲದಾಗ ನೋಡಿದವರಿಗೆ ಅರ್ಥ ಆಗುತ್ತಾ? ಪಿಎಚ್‌ಡಿ ಮುಗಿಸಿ ಹೊರಡುವವರು, ಪ್ರಾಜೆಕ್ಟ್ ಮುಚ್ಚುವವರು, ಸರ್ವರ್ ತುಂಬಿದೆ ಎಂದು ಬೈಸಿಕೊಂಡವರು, ಎಲ್ಲರ ಮುಂದೆಯೂ ಇರುವ ಆಯ್ಕೆಗಳು ಸುಮಾರಾಗಿ ಇವೇ. ಒಂದೊಂದಾಗಿ ಹೋಲಿಸಿ ನೋಡೋಣ.

ಎಲ್ಲಾ ಇಡೋದು, ಆರಿಸಿ ಇಡೋದು

ಎಲ್ಲವನ್ನೂ ಇಡುವುದು ಸುಲಭ ಅನ್ನಿಸುತ್ತದೆ, ಯಾಕೆಂದರೆ ಯೋಚನೆ ಮಾಡಬೇಕಿಲ್ಲ. ಹಳೇ ಪಾತ್ರೆಯನ್ನು ಅಟ್ಟಕ್ಕೆ ಹಾಕಿದಂತೆ. ಡಿಸ್ಕ್ ಅಗ್ಗವಾಗಿದೆ ನಿಜ. ಆದರೆ ಖರ್ಚು ಇರುವುದು ಡಿಸ್ಕ್‌ನಲ್ಲಲ್ಲ, ನೋಡಿಕೊಳ್ಳುವುದರಲ್ಲಿ. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕ್‌ಗೆ ವರ್ಗಾಯಿಸಬೇಕು. ಕಾಪಿ ಸರಿ ಬಂತಾ ಎಂದು ನೋಡಬೇಕು. ಎಲ್ಲಿ ಏನಿದೆ ಎಂದು ಪಟ್ಟಿ ಇಡಬೇಕು. ಇದಕ್ಕೆಲ್ಲ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. 40 ಟಿಬಿ ಇಟ್ಟರೆ ಅದರೊಳಗಿನ ಬೆಲೆಬಾಳುವ 40 ಎಂಬಿ ಹುಡುಕಿಕೊಡುವವರು ಯಾರು?

ಆರಿಸಿ ಇಡುವುದರಲ್ಲಿ ಅಪಾಯ ಬೇರೆ. ಮುಂದೆ ಯಾವುದು ಬೇಕಾಗುತ್ತದೆ ಎಂದು ಇವತ್ತು ನಮಗೆ ಗೊತ್ತಿರುವುದಿಲ್ಲ. ಗೆಲಿಲಿಯೋ ನೌಕೆ 1997ರಲ್ಲಿ ಗುರುವಿನ ಉಪಗ್ರಹ ಯುರೋಪಾದ ಹತ್ತಿರ ಹಾದುಹೋದಾಗ ಅಲ್ಲಿನ ಕಾಂತಕ್ಷೇತ್ರ ಅಳೆದಿತ್ತು. ಅದರಲ್ಲೊಂದು ವಿಚಿತ್ರ ಏರುಪೇರು ಇತ್ತು. 2018ರಲ್ಲಿ ಅದೇ ಹಳೇ ಅಂಕಿಗಳನ್ನು ಮತ್ತೆ ತೆಗೆದು ನೋಡಿದ ವಿಜ್ಞಾನಿಗಳು, ಅದು ಯುರೋಪಾದಿಂದ ಚಿಮ್ಮುವ ನೀರಾವಿಯ ಗುರುತು ಇರಬೇಕು ಅಂತ ವಾದಿಸಿದರು. ಅಷ್ಟರಲ್ಲಿ ನೌಕೆ ಗುರುವಿನೊಳಗೆ ಬಿದ್ದು 15 ವರ್ಷ ಆಗಿತ್ತು.

ಹಾಗಾದರೆ ಎಲ್ಲಾ ಇಡಬೇಕಾ? ನನ್ನ ಉತ್ತರ: ಇಲ್ಲ. ಆದರೆ ಬಿಡುವುದಕ್ಕೆ ಒಂದು ನಿಯಮ ಬೇಕು, ಅದು ಬಿಡುವ ಮೊದಲೇ ಬರೆದಿರಬೇಕು. ಇದಕ್ಕೆ ದೊಡ್ಡ ಉದಾಹರಣೆ ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್. ಅಲ್ಲಿನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲ ಎದುರಾಗುತ್ತವೆ. ಡಿಟೆಕ್ಟರ್‌ಗಳು ಉಳಿಸಿಕೊಳ್ಳುವುದು ಅದರಲ್ಲಿ ಕೆಲವೇ ಸಾವಿರ. ಉಳಿದದ್ದು ಅಲ್ಲೇ ಹೋಯಿತು, ವಾಪಸ್ ಬರಲ್ಲ. ಯಾವುದನ್ನು ಹಿಡಿಯಬೇಕು ಎನ್ನುವ ನಿಯಮಕ್ಕೆ ಅವರು ‘ಟ್ರಿಗರ್’ ಅನ್ನುತ್ತಾರೆ. ಆ ನಿಯಮ ಬರವಣಿಗೆಯಲ್ಲಿರುತ್ತದೆ. ಅದರ ಜೊತೆಗೆ, ನಿಯಮ ನೋಡದೆ ಸುಮ್ನೆ ಯಾದೃಚ್ಛಿಕವಾಗಿ ಎತ್ತಿಕೊಂಡ ಒಂದಿಷ್ಟು ಘಟನೆಗಳನ್ನೂ ಇಡುತ್ತಾರೆ, ಬಿಟ್ಟದ್ದರಲ್ಲಿ ಏನಿತ್ತು ಎಂದು ಅಂದಾಜು ಸಿಗಲಿ ಅಂತ. ನಮ್ಮ ಸಣ್ಣ ಲ್ಯಾಬ್‌ಗೂ ಈ ಬುದ್ಧಿ ಒಪ್ಪುತ್ತದೆ. ನೂರು ಫೈಲ್ ಅಳಿಸುವಾಗ ಅದರಲ್ಲಿ ಎರಡನ್ನು ಮಾದರಿಗೆ ಇಟ್ಟುಕೊಳ್ಳಿ.

ಮತ್ತೆ ಸಿಗದ್ದು, ಮತ್ತೆ ಮಾಡಬಹುದಾದದ್ದು

ನನಗೆ ಎಲ್ಲಕ್ಕಿಂತ ದೊಡ್ಡ ಗೆರೆ ಇದು. ಕಾಲ ಹೋದರೆ ಸಿಗದ ವೀಕ್ಷಣೆ ಒಂದು ಕಡೆ. ದುಡ್ಡು, ಶ್ರಮ ಹಾಕಿದರೆ ಮತ್ತೆ ಮಾಡಬಹುದಾದ ಪ್ರಯೋಗ ಇನ್ನೊಂದು ಕಡೆ. ಕಂಪ್ಯೂಟರ್‌ನಲ್ಲಿ ಮತ್ತೆ ಓಡಿಸಬಹುದಾದ ಸಿಮ್ಯುಲೇಶನ್ ಮೂರನೆಯದು.

ವೀಕ್ಷಣೆಯ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ನಿನ್ನೆಯ ಮಳೆ ನಿನ್ನೆಗೇ ಮುಗಿಯಿತು. ಕೊಡೈಕೆನಾಲ್‌ನ ಸೌರ ವೀಕ್ಷಣಾಲಯವನ್ನೇ ನೋಡಿ. ಈಗ ಅದು ಬೆಂಗಳೂರು ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೈಯಲ್ಲಿದೆ. 1904ರಿಂದ ಅಲ್ಲಿ ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಫೋಟೊ ತೆಗೆಯುತ್ತಾ ಬಂದಿದ್ದಾರೆ, ಮೊದಲು ಗಾಜಿನ ಫಲಕದ ಮೇಲೆ, ಆಮೇಲೆ ಫಿಲ್ಮ್ ಮೇಲೆ. ಸೌರಕಲೆಯಲ್ಲಿ, ಅಂದರೆ ಸೂರ್ಯನ ಮೇಲಿನ ಕಪ್ಪು ಮಚ್ಚೆಯಲ್ಲಿ, ಅನಿಲ ಹೊರಕ್ಕೆ ಹರಿಯುತ್ತದೆ ಎಂದು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲೇ. ಆ ಶೋಧಕ್ಕೆ ಬೇಕಾದ ಫಲಕಗಳ ಕೆಲಸ ಅಂದೇ ಮುಗಿಯಿತು. ಉಳಿದ ಸಾವಿರಾರು ಫಲಕ ‘ಏನೂ ವಿಶೇಷವಿಲ್ಲದ’ ದಿನಗಳವು. ಇವತ್ತು ಅವನ್ನೆಲ್ಲ ಸ್ಕ್ಯಾನ್ ಮಾಡಿ, ನೂರು ವರ್ಷದಲ್ಲಿ ಸೂರ್ಯ ಹೇಗೆ ಏರಿಳಿದಿದ್ದಾನೆ ಎಂದು ಅಳೆಯುತ್ತಿದ್ದಾರೆ. ಏನೂ ವಿಶೇಷವಿಲ್ಲದ ದಿನಗಳೇ ಈಗ ಬಂಗಾರ.

ಇದಕ್ಕೆ ಉಲ್ಟಾ ಕಥೆ ಅಮೆರಿಕದ ಹಾರ್ವರ್ಡ್‌ನದು. ಅಲ್ಲಿ ಆಕಾಶದ ಗಾಜಿನ ಫಲಕ ಸುಮಾರು ಐದು ಲಕ್ಷ ಇವೆ. 1950ರ ದಶಕದಲ್ಲಿ ನಿರ್ದೇಶಕರಾಗಿದ್ದ ಡೊನಾಲ್ಡ್ ಮೆನ್ಜೆಲ್ ಖರ್ಚು ಉಳಿಸಲು ಫಲಕ ತೆಗೆಯುವುದನ್ನು ನಿಲ್ಲಿಸಿದರು. ಸುಮಾರು ಹದಿನೈದು ವರ್ಷ ಖಾಲಿ. ಖಗೋಳದವರು ಇಂದಿಗೂ ಅದನ್ನು ‘ಮೆನ್ಜೆಲ್ ಗ್ಯಾಪ್’ ಅಂತಲೇ ಕರೆಯುತ್ತಾರೆ. ಪಾಪ, ಒಬ್ಬ ಒಳ್ಳೆಯ ವಿಜ್ಞಾನಿಯ ಹೆಸರು ಒಂದು ತೂತಿಗೆ ಅಂಟಿಕೊಂಡಿತು.

ನೆಲದ ಮೇಲಿನ ಉದಾಹರಣೆ ಬೇಕೆಂದರೆ ಮುದುಮಲೈ ಕಾಡು. ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದವರು 1988ರಲ್ಲಿ ಅಲ್ಲಿ 50 ಹೆಕ್ಟೇರ್ ಗುರುತು ಹಾಕಿಕೊಂಡರು. ಒಂದು ಸೆಂಟಿಮೀಟರ್‌ಗಿಂತ ದಪ್ಪದ ಕಾಂಡ ಇರುವ ಪ್ರತಿ ಗಿಡಕ್ಕೂ ನಂಬರ್ ಕೊಟ್ಟು, ಅವತ್ತಿನಿಂದ ಎಣಿಸುತ್ತಾ ಬಂದಿದ್ದಾರೆ. ಮೊದಲ ಎಣಿಕೆಯ ಫೈಲ್ ಕಳೆದರೆ 1988ಕ್ಕೆ ವಾಪಸ್ ಹೋಗಿ ಎಣಿಸಿ ಬರಲು ಆಗುತ್ತಾ? ಇಂಥದ್ದರಲ್ಲಿ ಗಾತ್ರ ನೋಡಬೇಡಿ, ಹಳೆಯದಾಯಿತು ಎನ್ನಬೇಡಿ. ಇಡಿ.

ಪ್ರಯೋಗದ ಡೇಟಾ ಹಾಗಲ್ಲ. ಇಲ್ಲಿ ಲೆಕ್ಕ ಹಾಕಬಹುದು: ಮತ್ತೆ ಮಾಡಲು ಎಷ್ಟು, ಹತ್ತು ವರ್ಷ ಇಡಲು ಎಷ್ಟು. ಬ್ಯಾಕ್ಟೀರಿಯಾದ ಒಂದು ತಳಿ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಭದ್ರವಾಗಿದ್ದರೆ ಅದರ ಡಿಎನ್‌ಎಯನ್ನು ಇನ್ನೊಮ್ಮೆ ಓದಿಸಬಹುದು. ಓದಿಸುವ ಖರ್ಚು ವರ್ಷದಿಂದ ವರ್ಷಕ್ಕೆ ಇಳಿದಿದೆ. ಅಂಥ ಕಡೆ ಸ್ಯಾಂಪಲ್ಲೇ ಆರ್ಕೈವ್. ಆದರೆ ರೋಗಿಯೊಬ್ಬರ ಗೆಡ್ಡೆಯಿಂದ ತೆಗೆದ ಚೂರು ಒಂದೇ ಪರೀಕ್ಷೆಗೆ ಮುಗಿದುಹೋಗಿದ್ದರೆ ಅದು ಪ್ರಯೋಗವಾದರೂ ವೀಕ್ಷಣೆಯ ಲೆಕ್ಕಕ್ಕೇ ಸೇರುತ್ತದೆ. ಇನ್ನೊಂದು ಮಾತು: ಫ್ರೀಜರ್ ನೆಚ್ಚಿಕೊಳ್ಳುವವರು ಮೊದಲು ಜನರೇಟರ್ ಕೆಲಸ ಮಾಡುತ್ತಾ ನೋಡಿಕೊಳ್ಳಿ. ಭಾನುವಾರ ರಾತ್ರಿ ಕರೆಂಟ್ ಹೋದ ಕಥೆ ಪ್ರತಿ ಕ್ಯಾಂಪಸ್‌ನಲ್ಲೂ ಒಂದಿರುತ್ತದೆ.

ಸಿಮ್ಯುಲೇಶನ್‌ನಲ್ಲಿ ಜನ ಜಾಸ್ತಿ ಜಾಗ ತಿನ್ನುತ್ತಾರೆ, ಜಾಸ್ತಿ ಜಗಳವನ್ನೂ ಆಡುತ್ತಾರೆ. ನನ್ನ ಪ್ರಕಾರ ಇಲ್ಲಿ ಇಡಬೇಕಾದದ್ದು ಬೀಜ, ಬೆಳೆಯಲ್ಲ. ಕೋಡ್, ಅದರ ವರ್ಷನ್, ಇನ್‌ಪುಟ್ ಫೈಲ್, ಯಾದೃಚ್ಛಿಕ ಸಂಖ್ಯೆಗಳ ಸೀಡ್ (ಅವು ಶುರುವಾಗುವ ಅಂಕಿ), ಬಳಸಿದ ಲೈಬ್ರರಿಗಳ ಪಟ್ಟಿ. ಇಷ್ಟಕ್ಕೆ ಕೆಲವು ಎಂಬಿ ಸಾಕು. ಪೇಪರ್‌ನಲ್ಲಿ ಹಾಕಿದ ಚಿತ್ರಗಳ ಹಿಂದಿನ ಅಂಕಿ ಇಡಿ. ಪ್ರತಿ ಹೆಜ್ಜೆಯ ಸ್ನ್ಯಾಪ್‌ಶಾಟ್ ಬೇಡ.

ಇದಕ್ಕೊಂದು ಅಪವಾದ ಇದೆ. ಹವಾಮಾನ ಮಾದರಿಗಳನ್ನು ಓಡಿಸುವ ಜಾಗತಿಕ ಯೋಜನೆ ಸಿಎಂಐಪಿಯಲ್ಲಿ ಔಟ್‌ಪುಟ್ಟನ್ನೇ ಆರ್ಕೈವ್ ಮಾಡುತ್ತಾರೆ. ಯಾಕೆ? ಓಡಿಸುವವರು ಕೆಲವೇ ಸಂಸ್ಥೆ, ಬಳಸುವವರು ಜಗತ್ತಿನ ಸಾವಿರಾರು ಮಂದಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ವರದಿಗಳು ಅದರ ಮೇಲೆ ನಿಂತಿವೆ. ಪ್ರತಿಯೊಬ್ಬರೂ ಸೂಪರ್ ಕಂಪ್ಯೂಟರ್‌ನಲ್ಲಿ ಮತ್ತೆ ಓಡಿಸಿ ನೋಡಲು ಆಗಲ್ಲ. ನಿಮ್ಮ ಔಟ್‌ಪುಟ್‌ಗೆ ಹಾಗೆ ಕಾಯುವ ಜನ ಇದ್ದಾರಾ? ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಕಚ್ಚಾ ಡೇಟಾ, ಪ್ರೊಸೆಸ್ ಮಾಡಿದ ಡೇಟಾ

ಮೊಸರಿದ್ದರೆ ಮಜ್ಜಿಗೆ ಮಾಡಿಕೊಳ್ಳಬಹುದು. ಮಜ್ಜಿಗೆಯನ್ನು ಹಿಂದಕ್ಕೆ ಮೊಸರು ಮಾಡಲಾಗದು. ಅದಕ್ಕೇ ಅನುಮಾನ ಬಂದ ಕಡೆ ಕಚ್ಚಾ ಡೇಟಾ ಇಡಿ ಎನ್ನುವುದು ಹಳೇ ಮಾತು, ಒಳ್ಳೆಯ ಮಾತು. ಆದರೆ ‘ಕಚ್ಚಾ’ ಅಂದರೆ ಎಷ್ಟು ಕಚ್ಚಾ?

ಡಿಎನ್‌ಎ ಸೀಕ್ವೆನ್ಸಿಂಗ್ ನೋಡಿ. ಯಂತ್ರ ಮೊದಲು ತೆಗೆಯುವುದು ಫೋಟೊ, ಬಣ್ಣದ ಚುಕ್ಕಿಗಳ ಫೋಟೊ. ಶುರುವಿನ ವರ್ಷಗಳಲ್ಲಿ ಕೆಲವು ಲ್ಯಾಬ್‌ನವರು ಆ ಫೋಟೊಗಳನ್ನೂ ಕಟ್ಟಿಕೊಂಡಿದ್ದರು. ಈಗ ಯಾರೂ ಇಡುವುದಿಲ್ಲ, ಯಂತ್ರವೇ ಬಿಸಾಡುತ್ತದೆ. ಅಕ್ಷರಗಳೂ ಅವುಗಳ ಗುಣಮಟ್ಟದ ಅಂಕವೂ ಇರುವ ಫಾಸ್ಟ್‌ಕ್ಯೂ ಫೈಲ್‌ಗೇ ಈ ಕ್ಷೇತ್ರದಲ್ಲಿ ‘ರಾ ಡೇಟಾ’ ಅಂತ ಹೆಸರು. ಅದರಿಂದ ಮುಂದೆ ಜೋಡಣೆಯ ಬ್ಯಾಮ್ ಫೈಲ್, ಕೊನೆಗೆ ವ್ಯತ್ಯಾಸಗಳ ಪಟ್ಟಿ ವಿಸಿಎಫ್. ನಾನಾದರೆ ಎರಡು ತುದಿ ಇಟ್ಟು ನಡುವಿನದನ್ನು ಬಿಡುತ್ತೇನೆ. ಫಾಸ್ಟ್‌ಕ್ಯೂ ಇರಲಿ, ವಿಸಿಎಫ್ ಇರಲಿ, ಜೋಡಿಸಿದ ಕಮಾಂಡ್‌ಗಳ ಸ್ಕ್ರಿಪ್ಟ್ ಇರಲಿ. ಬ್ಯಾಮ್ ಹೋಗಲಿ. ನಮ್ಮ ಬೀರುವಿನ 23 ಡಿಸ್ಕ್‌ಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಜಾಗ ತಿಂದಿದ್ದು ಇಂಥ ನಡುವಿನ ಫೈಲ್‌ಗಳೇ.

ಯಾವ ಹಂತ ಇಡಬೇಕು ಎನ್ನುವುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ರೋಟೀನ್‌ಗಳ ರಚನೆ ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಏಳು ರಚನೆಗಳಿಂದ ಶುರುವಾಯಿತು. ಬಹಳ ಕಾಲ ಪರಮಾಣುಗಳ ಸ್ಥಾನ ಕೊಟ್ಟರೆ ಸಾಕಿತ್ತು. ಅಂದರೆ ಬರೀ ಫಲಿತಾಂಶ. ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಹಿಂದಿನ ಅಳತೆ ಬೇಕಲ್ಲ? 2008ರಿಂದ ಎಕ್ಸ್-ರೇ ಅಳತೆಯ ಅಂಕಿಗಳನ್ನೂ ಕೊಡುವುದು ಕಡ್ಡಾಯವಾಯಿತು. ಪೇಪರ್ ಪ್ರಕಟವಾಯಿತು, ಇನ್ಯಾಕೆ ಡೇಟಾ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಿಮ್ಮ ಫಲಿತಾಂಶವನ್ನು ಇನ್ನೊಬ್ಬರು ಪರೀಕ್ಷಿಸಲು ಎಷ್ಟು ಹಿಂದಕ್ಕೆ ಹೋಗಬೇಕೋ ಅಷ್ಟು ಕಚ್ಚಾ ಇಡಿ.

ಕ್ಯಾಮೆರಾ ಟ್ರ್ಯಾಪ್ ಹಾಕುವವರು ಕೇಳುವ ಪ್ರಶ್ನೆ: ಖಾಲಿ ಫೋಟೊ ಅಳಿಸಲಾ? ಗಾಳಿಗೆ ಹುಲ್ಲು ಅಲ್ಲಾಡಿದರೂ ಕ್ಯಾಮೆರಾ ಕ್ಲಿಕ್ ಅನ್ನುತ್ತದೆ. ಹತ್ತರಲ್ಲಿ ಒಂಬತ್ತು ಚಿತ್ರ ಬರೀ ಹುಲ್ಲು. ಪೂರ್ತಿ ಗಾತ್ರದಲ್ಲಿ ಅವನ್ನೆಲ್ಲ ಇಡುವುದು ವ್ಯರ್ಥ. ಆದರೆ ಆ ದಿನ ಕ್ಯಾಮೆರಾ ಕೆಲಸ ಮಾಡುತ್ತಿತ್ತು, ಪ್ರಾಣಿ ಬರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಅವೇ. ಕ್ಯಾಮೆರಾ ಕೆಟ್ಟಿದ್ದರಿಂದ ಹುಲಿ ಕಾಣಲಿಲ್ಲವೋ, ಹುಲಿಯೇ ಇರಲಿಲ್ಲವೋ? ಇಲಿ ಕಡಿದ ವೈರಿನದೇ ಪ್ರಶ್ನೆ ಇದು. ಆದ್ದರಿಂದ ಖಾಲಿ ಚಿತ್ರಗಳ ಸಮಯ, ಸಂಖ್ಯೆ ಶೀಟ್‌ನಲ್ಲಿ ಇಡಿ, ದಿನಕ್ಕೊಂದನ್ನು ಚಿಕ್ಕ ಗಾತ್ರದಲ್ಲಿ ಉಳಿಸಿ, ಉಳಿದದ್ದು ಅಳಿಸಿ. ಕಪ್ಪೆ, ಹಕ್ಕಿ ಕೂಗು ರೆಕಾರ್ಡ್ ಮಾಡುವವರು ಮಾತ್ರ ಜಾಗ ಉಳಿಸಲು ಎಂಪಿ3 ಮಾಡಬೇಡಿ. ನಮ್ಮ ಕಿವಿಗೆ ಕೇಳದ್ದನ್ನು ಅದು ಕತ್ತರಿಸಿಹಾಕುತ್ತದೆ. ಕಪ್ಪೆಯ ಕಿವಿ ನಮ್ಮ ಕಿವಿಯಲ್ಲ. ಫ್ಲ್ಯಾಕ್ ಮಾಡಿದರೆ ಏನೂ ಕಳೆಯದೆ ಗಾತ್ರ ಇಳಿಯುತ್ತದೆ.

ನಮ್ಮದು, ಡೌನ್‌ಲೋಡ್ ಮಾಡಿದ್ದು

ಇದು ಸುಲಭದ ಗೆಲುವು. ಆರು ಡಿಸ್ಕ್ ತುಂಬ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರ ಸಿಕ್ಕವು. ಅವು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಆರ್ಕೈವ್‌ನಲ್ಲಿ 2008ರಿಂದ ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಅಳಿಸಿದೆವು. ಆದರೆ ಅಳಿಸುವ ಮೊದಲು ಪ್ರತಿ ಚಿತ್ರದ ಗುರುತಿನ ನಂಬರ್, ಡೌನ್‌ಲೋಡ್ ಮಾಡಿದ ತಾರೀಖು, ವರ್ಷನ್ ಬರೆದುಕೊಂಡೆವು. ಯಾಕೆಂದರೆ ಮೂಲದವರೂ ಆಗಾಗ ಚಿತ್ರಗಳನ್ನು ಹೊಸದಾಗಿ ಪ್ರೊಸೆಸ್ ಮಾಡಿ ಹಳೆಯದನ್ನು ತೆಗೆಯುತ್ತಾರೆ. ಲ್ಯಾಂಡ್‌ಸ್ಯಾಟ್‌ನ ‘ಕಲೆಕ್ಷನ್ 1’ ಹಾಗೇ 2022ರ ಕೊನೆಗೆ ಹೋಯಿತು, ಈಗ ಇರುವುದು ‘ಕಲೆಕ್ಷನ್ 2’. ನಿಮ್ಮ ಪೇಪರ್‌ನ ಅಂಕಿಗೂ ಈಗಿನ ಚಿತ್ರಕ್ಕೂ ಸ್ವಲ್ಪ ತಾಳೆಯಾಗದಿದ್ದರೆ ಕಾರಣ ಗೊತ್ತಿರಬೇಕು.

ಇಡಲೇಬೇಕಾದದ್ದು, ಇಡಬಾರದ್ದು

ಕೆಲವು ಸಲ ಆಯ್ಕೆ ನಮ್ಮ ಕೈಯಲ್ಲಿ ಇರುವುದಿಲ್ಲ. ಪ್ರಾಜೆಕ್ಟ್‌ಗೆ ದುಡ್ಡು ಕೊಟ್ಟವರ ಕಾಗದ ಮೊದಲು ಓದಿ. ಸಂಶೋಧನೆಗೆ ದುಡ್ಡು ಕೊಡುವ ಜರ್ಮನಿಯ ಸಂಸ್ಥೆ ಡಿಎಫ್‌ಜಿ ಹತ್ತು ವರ್ಷ ಇಡಿ ಎನ್ನುತ್ತದೆ. ಅಂಥದೇ ಸಂಸ್ಥೆ, ಬ್ರಿಟನ್ನಿನ ಇಪಿಎಸ್‌ಆರ್‌ಸಿ ಕೂಡ ಹತ್ತು ವರ್ಷ ಎನ್ನುತ್ತದೆ. ಆದರೆ ಯಾರಾದರೂ ಆ ಡೇಟಾ ಕೇಳಿದರೆ ಅಲ್ಲಿಂದ ಮತ್ತೆ ಹತ್ತು ವರ್ಷ. ಈ ಎರಡನೇ ಷರತ್ತು ನನಗೆ ಇಷ್ಟ. ಕೇಳುವವರಿದ್ದಷ್ಟು ಕಾಲ ಅದು ಬದುಕಿರುತ್ತದೆ.

ಜನರ ಡೇಟಾ ಇದ್ದರೆ ಮಾತೇ ಬೇರೆ. ಸಮ್ಮತಿ ಪತ್ರದಲ್ಲಿ ‘ಅಧ್ಯಯನ ಮುಗಿದ ಮೇಲೆ ರೆಕಾರ್ಡಿಂಗ್ ಅಳಿಸುತ್ತೇವೆ’ ಎಂದು ಬರೆದು ಸಹಿ ಹಾಕಿಸಿಕೊಂಡಿದ್ದರೆ ಅಳಿಸಲೇಬೇಕು. ಎಷ್ಟೇ ಅಪರೂಪದ್ದಾದರೂ ಸರಿ. ಇಟ್ಟುಕೊಳ್ಳುವ ಆಸೆ ಇದ್ದವರು ಸಮ್ಮತಿ ಪತ್ರ ಬರೆಯುವಾಗಲೇ ಅದನ್ನು ಕೇಳಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಮೇಲಂತೂ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯನ್ನು ಕೇಳದೆ ಇಂಥದ್ದನ್ನು ಇಡಲೂ ಬೇಡಿ, ಹಂಚಲೂ ಬೇಡಿ.

ಹೆಸರು ತೆಗೆದುಬಿಟ್ಟರೆ ಸಾಕು ಅಂದುಕೊಳ್ಳುವವರು ಜಾಸ್ತಿ. ಸಾಕಾಗಲ್ಲ. ಹೋಬಳಿ, ವಯಸ್ಸು, ಕಸುಬು ಮೂರು ಕಾಲಂ ಇದ್ದರೆ, ಆ ಹೋಬಳಿಗೆ ಇರುವ ಒಬ್ಬರೇ ಲೇಡಿ ಡಾಕ್ಟರ್ ಯಾರು ಎಂದು ಊರಿನ ಕಾಫಿ ಹೋಟೆಲ್‌ನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಹೋಬಳಿಯನ್ನು ಜಿಲ್ಲೆ ಮಾಡಿ, ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ. ಮನುಷ್ಯರಷ್ಟೇ ಅಲ್ಲ. ಕಾಡಿನ ಸಮೀಕ್ಷೆಯಲ್ಲಿ ದಪ್ಪ ಶ್ರೀಗಂಧದ ಮರಗಳ ಜಿಪಿಎಸ್ ಸ್ಥಾನ ಇದ್ದರೆ, ಅದನ್ನು ಬಹಿರಂಗವಾಗಿ ಹಾಕುವುದು ಕಳ್ಳರಿಗೆ ನಕ್ಷೆ ಬರೆದುಕೊಟ್ಟಂತೆ. ಇಡಿ, ಆದರೆ ಬೀಗ ಹಾಕಿ ಇಡಿ. ಹಂಚುವ ಪ್ರತಿಯಲ್ಲಿ ಸ್ಥಾನವನ್ನು ಮಸುಕು ಮಾಡಿ.

ಎಲ್ಲಿಡೋದು

ಸ್ವಂತ ಹಾರ್ಡ್ ಡಿಸ್ಕ್ ಕೈಯಳತೆಯಲ್ಲಿರುತ್ತದೆ, ಅದೊಂದೇ ಅದರ ಗುಣ. ನಮ್ಮ 23ರಲ್ಲಿ ಮೂರು ಆನ್ ಆಗಲೇ ಇಲ್ಲ, ಎರಡು ಟಕ್ ಟಕ್ ಅಂತ ಸದ್ದು ಮಾಡಿ ಸುಮ್ಮನಾದವು. ಕೆಲಸದ ಪ್ರತಿಗೆ ಸರಿ, ಆರ್ಕೈವ್‌ಗೆ ಅಲ್ಲ.

ಸಂಸ್ಥೆಯ ಕ್ಲೌಡ್ ಡ್ರೈವ್ ಆರಾಮ. ಆದರೆ ಅದು ನಿಮ್ಮ ಐಡಿಗೆ ಅಂಟಿದ್ದು. ಐಡಿ ಮುಚ್ಚಿದ ದಿನ ಡೇಟಾವೂ ಮುಚ್ಚುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್ 2022ರಿಂದ ಮಿತಿ ಹಾಕಿದ್ದು ನೆನಪಿರಬಹುದು. ಆಗ ಎಷ್ಟೋ ಕ್ಯಾಂಪಸ್‌ನಲ್ಲಿ ಗಡಿಬಿಡಿಯಲ್ಲಿ ಅಳಿಸಿದರು. ಗಡಿಬಿಡಿಯಲ್ಲಿ ಆರಿಸಿದ್ದು ಆರಿಸಿದಂತಲ್ಲ.

ಸಂಸ್ಥೆಯ ದೊಡ್ಡ ಸರ್ವರ್ ಭದ್ರ ಅನ್ನಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್‌ನಲ್ಲಿ ಸುಮಾರು 77 ಟಿಬಿ, 3.4 ಕೋಟಿ ಫೈಲ್ ಅಳಿಸಿಹೋದವು. ಅಳಿಸಿದ್ದು ಬ್ಯಾಕಪ್ ಮಾಡುವ ಪ್ರೋಗ್ರಾಮೇ! ಹಳೇ ಲಾಗ್ ಫೈಲ್ ತೆಗೆಯಬೇಕಿದ್ದ ಸ್ಕ್ರಿಪ್ಟ್ ತಪ್ಪಿ ಸಂಶೋಧಕರ ಫೈಲ್ ತೆಗೆಯಿತು. ಒಂದೇ ಕಡೆ ಇಟ್ಟದ್ದು ಎಷ್ಟು ದೊಡ್ಡ ಕಡೆಯಾದರೂ ಒಂದೇ ಕಡೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ. ಈ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ.

ದೊಡ್ಡ ಗಾತ್ರಕ್ಕೆ ಟೇಪ್ ಇಂದಿಗೂ ಅಗ್ಗ. ಎಲ್‌ಟಿಒ ಎಂಬ ಬಗೆಯ ಟೇಪಿನ ಒಂಬತ್ತನೇ ತಲೆಮಾರಾದ ಒಂದು ಎಲ್‌ಟಿಒ-9 ಕ್ಯಾಸೆಟ್‌ಗೆ 18 ಟಿಬಿ ಹಿಡಿಯುತ್ತದೆ, ಕಪಾಟಿನಲ್ಲಿದ್ದಾಗ ಕರೆಂಟ್ ಬೇಡ. ತೊಂದರೆ ಟೇಪಿನದಲ್ಲ, ಓದುವ ಯಂತ್ರದ್ದು. ಎಲ್‌ಟಿಒ-9 ಡ್ರೈವ್ ತನ್ನ ಹಿಂದಿನ ಒಂದು ತಲೆಮಾರನ್ನಷ್ಟೇ ಓದುತ್ತದೆ. ಇನ್ನೂ ಒಂದು ತೊಂದರೆ ಇದೆ, ಮನುಷ್ಯರದ್ದು: ಖಾಲಿ ಟೇಪ್ ಬೇಕಾದಾಗ ಹಳೇ ಟೇಪಿನ ಮೇಲೆ ಕಣ್ಣು ಬೀಳುತ್ತದೆ. ಅಪೊಲೊ 11ರಲ್ಲಿ ಚಂದ್ರನಿಂದ ನೇರ ಬಂದ ಮೂಲ ವಿಡಿಯೋ ಸಿಗ್ನಲ್ ಇದ್ದ ಟೇಪ್‌ಗಳನ್ನು ನಾಸಾ ವರ್ಷಗಟ್ಟಲೆ ಹುಡುಕಿ, ಅವನ್ನು ಅಳಿಸಿ ಮತ್ತೆ ಬಳಸಿರಬೇಕು ಎಂದು 2009ರಲ್ಲಿ ಒಪ್ಪಿಕೊಂಡಿತು. ನಾವು ಈಗ ನೋಡುವುದು ಟಿವಿಗೆ ಕಳಿಸಿದ ಪ್ರತಿಯಿಂದ ಸರಿಪಡಿಸಿದ್ದು. ಅದೇ ಅಪೊಲೊ ಯಾನಗಳ ಚಂದ್ರನ ಧೂಳಿನ ಅಳತೆಗಳೂ ನಾಸಾ ಬಳಿ ಕಾಣೆಯಾಗಿದ್ದವು. ಆದರೆ ಆ ಉಪಕರಣ ಮಾಡಿದ ಬ್ರಯಾನ್ ಓಬ್ರಯನ್ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಮ್ಮ ಪ್ರತಿ ಇಟ್ಟುಕೊಂಡಿದ್ದರು. 2006ರಲ್ಲಿ ವಿಷಯ ತಿಳಿದು ಅವನ್ನು ಹೊರತೆಗೆದರು. ಬೇರೆ ಊರಲ್ಲೊಂದು ಪ್ರತಿ ಎಂದರೆ ಇದೇ.

ನಿಮ್ಮ ಕ್ಷೇತ್ರಕ್ಕೇ ಮೀಸಲಾದ ಸಾರ್ವಜನಿಕ ಆರ್ಕೈವ್ ಇದ್ದರೆ ಬೇರೆ ಯೋಚನೆ ಬೇಡ, ಅಲ್ಲಿಗೇ ಕೊಡಿ. ಜೀವವಿಜ್ಞಾನದವರಿಗೆ 2022ರಿಂದ ಫರೀದಾಬಾದ್‌ನಲ್ಲಿ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಇದೆ. ಚಂದ್ರಯಾನ, ಆಸ್ಟ್ರೋಸ್ಯಾಟ್ ಡೇಟಾ ಇರುವುದು ನಮ್ಮ ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ, ಇಸ್ರೋದ ಬಾಹ್ಯಾಕಾಶ ವಿಜ್ಞಾನ ಡೇಟಾ ಕೇಂದ್ರದಲ್ಲಿ. ಅಂಥದ್ದು ಇಲ್ಲದವರಿಗೆ ಸರ್ನ್ ನಡೆಸುವ, ಎಲ್ಲ ಕ್ಷೇತ್ರದವರಿಗೂ ತೆರೆದ ಆನ್‌ಲೈನ್ ಆರ್ಕೈವ್ ಝೆನೊಡೊ ಇದೆ. ಪುಕ್ಕಟೆ, ಒಂದು ದಾಖಲೆಗೆ ಸಾಮಾನ್ಯವಾಗಿ 50 ಜಿಬಿ, ಜೊತೆಗೆ ಪೇಪರ್‌ನಲ್ಲಿ ಉಲ್ಲೇಖಿಸಲು ಶಾಶ್ವತ ಗುರುತಿನ ಸಂಖ್ಯೆ ಡಿಒಐ. ಇಲ್ಲಿ ಇನ್ನೊಂದು ಲಾಭ, ನಿಮ್ಮನ್ನು ಯಾರೂ ಇಮೇಲ್ ಮಾಡಿ ಕೇಳಬೇಕಿಲ್ಲ. ‘ಕೇಳಿದರೆ ಕೊಡುತ್ತೇವೆ’ ಎಂದು ಪೇಪರ್‌ನಲ್ಲಿ ಬರೆಯುವುದನ್ನು ನಾನು ನಂಬುವುದಿಲ್ಲ. 2 ವರ್ಷದಿಂದ 22 ವರ್ಷ ಹಳೆಯ 516 ಪೇಪರ್‌ಗಳ ಲೇಖಕರನ್ನು ನಿಜವಾಗಿ ಕೇಳಿನೋಡಿದ ಅಧ್ಯಯನ 2014ರಲ್ಲಿ ಬಂತು. ಡೇಟಾ ಸಿಗುವ ಆಡ್ಸ್ (ಸಿಗುವ ಸಾಧ್ಯತೆಗೂ ಸಿಗದಿರುವ ಸಾಧ್ಯತೆಗೂ ಇರುವ ಅನುಪಾತ) ಪೇಪರ್ ಹಳೆಯದಾದಂತೆ ವರ್ಷಕ್ಕೆ ಶೇ 17ರಂತೆ ಕುಸಿದಿತ್ತು. ಯಾರೂ ಕೊಡಲ್ಲ ಅಂತಲ್ಲ. ಇಮೇಲ್ ಬದಲಾಗಿರುತ್ತದೆ, ಡಿಸ್ಕ್ ಹೋಗಿರುತ್ತದೆ, ವಿದ್ಯಾರ್ಥಿ ಬೇರೆ ಕೆಲಸ ಹಿಡಿದಿರುತ್ತಾನೆ.

ಫಾರ್ಮ್ಯಾಟ್ ಬಗ್ಗೆ ಎರಡೇ ಮಾತು. ಕಂಪನಿಯೊಂದರ ಸಾಫ್ಟ್‌ವೇರ್ ಇದ್ದರೆ ಮಾತ್ರ ತೆರೆಯುವ ಫೈಲನ್ನು ಒಂಟಿಯಾಗಿ ಇಡಬೇಡಿ, ಪಕ್ಕದಲ್ಲಿ ಯಾವ ಸಾಫ್ಟ್‌ವೇರ್‌ನಲ್ಲಾದರೂ ತೆರೆಯುವ ಸಿಎಸ್‌ವಿ (ಅಂಕಿಗೆ) ಅಥವಾ ಟಿಫ್ (ಚಿತ್ರಕ್ಕೆ) ಇಡಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವಾಗ ಎಚ್ಚರ. ‘ಮಾರ್ಚ್1’, ‘ಸೆಪ್ಟ್2’ ಎಂಬ ಹೆಸರಿನ ವಂಶವಾಹಿಗಳನ್ನು ಅದು ತಾರೀಖು ಮಾಡಿ, ಮಾಡಿ, ಕೊನೆಗೆ 2020ರಲ್ಲಿ ವಂಶವಾಹಿಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ನಮ್ಮ ಬೀರು ಏನಾಯಿತು

ಕೊನೆಗೆ ಉಳಿಸಿದ್ದು ಎರಡು ಟಿಬಿಗಿಂತ ಕಡಿಮೆ. ಹನ್ನೊಂದು ವರ್ಷದ ಫೀಲ್ಡ್ ಅಳತೆ ಪೂರ್ತಿ, ಫಾಸ್ಟ್‌ಕ್ಯೂ ಫೈಲ್‌ಗಳು, ಸ್ಕ್ರಿಪ್ಟ್‌ಗಳು, ಪೇಪರ್‌ಗಳ ಹಿಂದಿನ ಶೀಟ್‌ಗಳು. ಪ್ರತಿ ಫೋಲ್ಡರ್‌ಗೆ ಒಂದು ರೀಡ್‌ಮಿ ಬರೆದೆವು: ಯಾರು, ಎಲ್ಲಿ, ಯಾವಾಗ, ಯಾವ ಉಪಕರಣ, ಪ್ರತಿ ಕಾಲಂ ಅಂದರೆ ಏನು, ಸೊನ್ನೆ ಅಂದರೆ ಏನು, ಖಾಲಿ ಅಂದರೆ ಏನು. ಮೂರು ವಾರದಲ್ಲಿ ಎರಡು ವಾರ ಹೋಗಿದ್ದು ಇದಕ್ಕೇ. ಪ್ರೊಫೆಸರ್ ದಿನಾ ಬಂದು ಕೂತು ನೆನಪು ಮಾಡಿಕೊಂಡು ಹೇಳುತ್ತಿದ್ದರು. ಒಂದು ಕಾಲಂ ಏನೆಂದು ಅವರಿಗೂ ನೆನಪಾಗಲಿಲ್ಲ. ಅದನ್ನೂ ಹಾಗೇ ಬರೆದೆವು. ಏನೇನು ಅಳಿಸಿದೆವು, ಯಾಕೆ, ಯಾರು ಒಪ್ಪಿದರು ಎನ್ನುವ ಒಂದು ಪುಟವೂ ಅಲ್ಲೇ ಇದೆ.

‘ಡಿಲೀಟ್ ಮಾಡಬೇಡಿ’ ಡಿಸ್ಕ್‌ನಲ್ಲಿ ಇದ್ದದ್ದು ‘ಬ್ಯಾಕಪ್‌ನ ಬ್ಯಾಕಪ್’‌ನ ಇನ್ನೊಂದು ಪ್ರತಿ, ಜೊತೆಗೆ ಯಾರೋ ವಿದ್ಯಾರ್ಥಿ ಹಾಕಿಕೊಂಡಿದ್ದ ನಾಲ್ಕು ಸಿನಿಮಾ.

ನೋಟ್‌ಬುಕ್‌ಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿದೆವು. ಇಲಿಯ ವಿಷಯ ಬರೆದ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಹಾಲಿನ ಲೆಕ್ಕ ಇತ್ತು. ಅದು ಬೇಡ ಬಿಡಿ ಅಂದರು ಒಬ್ಬರು. ಪುಟದ ನಂಬರ್ ತಪ್ಪುತ್ತದೆ ಅಂತ ಅದನ್ನೂ ಸ್ಕ್ಯಾನ್ ಮಾಡಿದೆವು.